ಸಿಯಾಟಲ್‌ಗೆ ಹೊರಟಿದ್ದೀರಾ? ಒಂದು ಭಾನುವಾರ ಹಳೇ ಟೆಲಿಫೋನ್ ಎಕ್ಸ್‌ಚೇಂಜ್‌ಗೆ ಇಟ್ಟುಕೊಳ್ಳಿ

ಬೆಳಗಾವಿಯಿಂದ ಬೇಸಿಗೆಗೆ ಮಕ್ಕಳ ಮನೆಗೆಂದು ಸಿಯಾಟಲ್‌ಗೆ ಹೋಗುವವರು ಈಗ ಜಾಸ್ತಿ. ಅಲ್ಲಿ ಹೋದವರಿಗೆಲ್ಲ ಸ್ಪೇಸ್ ನೀಡಲ್ ತೋರಿಸುತ್ತಾರೆ, ಜಲಪಾತ ತೋರಿಸುತ್ತಾರೆ. ಟೆಲಿಫೋನ್‌ಗೆ ಮೀಸಲಾದ ಕನೆಕ್ಷನ್ಸ್ ಮ್ಯೂಸಿಯಂ ಬಗ್ಗೆ ಯಾರೂ ಹೇಳುವುದಿಲ್ಲ. ಜಾರ್ಜ್‌ಟೌನ್ ಅನ್ನುವ ಬಡಾವಣೆಯಲ್ಲಿದೆ. ಹಳೇ ಫೋನ್ ಇವೆ, ಸರಿ, ಅವನ್ನು ಎಲ್ಲಿ ಬೇಕಾದರೂ ನೋಡಬಹುದು. ಇಲ್ಲಿ ಒಂದು ಫೋನನ್ನು ಇನ್ನೊಂದಕ್ಕೆ ಜೋಡಿಸುವ ಇಡೀ ಎಕ್ಸ್‌ಚೇಂಜ್‌ಗಳೇ ಇವೆ, ಅದೂ ಚಾಲೂ ಸ್ಥಿತಿಯಲ್ಲಿ. ನಾನು ಟೆಲಿಫೋನ್ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು, ನನ್ನ ಮಾತಿನಲ್ಲಿ ಸ್ವಲ್ಪ ಪಕ್ಷಪಾತ ಇದ್ದೀತು. ಆದರೆ ರಿಲೇ ಅಂದರೇನೆಂದೇ ಗೊತ್ತಿಲ್ಲದ ನನ್ನ ಹೆಂಡತಿಯೂ ಅಲ್ಲಿ "ಸಾಕು ನಡೀರಿ" ಅನ್ನಲಿಲ್ಲ.

ಮೊದಲು ಸಮಯದ ವಿಷಯ. ಇದು ಸ್ವಯಂಸೇವಕರು ನಡೆಸುವ ಜಾಗ. ಬಾಗಿಲು ತೆರೆಯುವುದು ಭಾನುವಾರ ಮಾತ್ರ, ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರವರೆಗೆ. ಆದರೂ ಹಿಂದಿನ ದಿನ ಅವರ ವೆಬ್‌ಸೈಟ್ ನೋಡಿಕೊಂಡೇ ಹೊರಡಿ. ಟಿಕೆಟ್ ಇಲ್ಲ, ದೇಣಿಗೆ ಕೊಡಬಹುದು. ಕೊಡಿ, ಅಷ್ಟು ಯಂತ್ರ ರಿಪೇರಿ ಮಾಡಿ ಇಡುವುದು ಹುಡುಗಾಟವಲ್ಲ. ವಿಮಾನ ಇಳಿದ ವಾರವೇ ಹೋಗಬೇಡಿ. ಬೇಸಿಗೆಯಲ್ಲಿ ಅಲ್ಲಿ ಬೆಳಿಗ್ಗೆ 11 ಅಂದರೆ ನಮ್ಮೂರಲ್ಲಿ ರಾತ್ರಿ 11.30. ಕಣ್ಣು ಎಳೆಯುವಾಗ ಏನು ನೋಡಿದರೂ ತಲೆಗೆ ಹೋಗುವುದಿಲ್ಲ. ಹೊರಗಿನಿಂದ ಅದು ಮ್ಯೂಸಿಯಂ ಥರ ಕಾಣುವುದೂ ಇಲ್ಲ, ಟೆಲಿಫೋನ್ ಕಂಪನಿಯ ಕಟ್ಟಡ. ವಿಳಾಸ ಫೋನಿನಲ್ಲಿ ಹಾಕಿಕೊಂಡು ಹೋಗಿ.

ಒಳಗೆ ಹೋದ ಮೇಲೆ ಸ್ವಯಂಸೇವಕರ ಬೆನ್ನು ಬಿಡಬೇಡಿ. ಸುಮ್ನೆ ಓಡಾಡಿದರೆ ಕಬ್ಬಿಣದ ಚೌಕಟ್ಟು, ವೈರು, ಇಷ್ಟೇ ಕಾಣುತ್ತದೆ. ಮೊದಲು ಪ್ಯಾನಲ್ ಎಕ್ಸ್‌ಚೇಂಜ್ ತೋರಿಸಿ ಅನ್ನಿ. 1923ರಲ್ಲಿ ಅದೇ ಊರಿನಲ್ಲಿ ಕೆಲಸ ಶುರು ಮಾಡಿದ ಯಂತ್ರ. ಚಾಲೂ ಇರುವ ಪ್ಯಾನಲ್ ಎಕ್ಸ್‌ಚೇಂಜ್ ಜಗತ್ತಿನಲ್ಲಿ ಉಳಿದಿರುವುದು ಇದೊಂದೇ. ನಮ್ಮಲ್ಲಿ ಇದು ಬರಲೇ ಇಲ್ಲ, ನಾವು ಕಂಡಿದ್ದು ಸ್ಟ್ರೋಜರ್, ಆಮೇಲೆ ಕ್ರಾಸ್‌ಬಾರ್ ಅನ್ನುವ ಬೇರೆ ಬಗೆಯ ಎಕ್ಸ್‌ಚೇಂಜ್‌ಗಳು. ಹಾಗಾಗಿ ನನಗೂ ಹೊಸದು.

ಎತ್ತರದ ಚೌಕಟ್ಟಿನಲ್ಲಿ ಒಂದರ ಮೇಲೊಂದು 5 ಬ್ಯಾಂಕ್, ಅಂದರೆ ಲೈನ್‌ಗಳ ತುದಿ ಜೋಡಿಸಿದ ಫಲಕ, ಒಂದೊಂದರಲ್ಲಿ 100 ಲೈನ್. ಅವುಗಳ ಮುಂದೆ ಸಾಲಾಗಿ ನಿಂತ ಉದ್ದನೆಯ ಸರಳುಗಳು. ಕೆಳಗೆ ಕಾರ್ಕ್ ಸುತ್ತಿದ ರೋಲರ್‌ಗಳು, ಮೋಟಾರು ಅವನ್ನು ತಿರುಗಿಸುತ್ತಲೇ ಇರುತ್ತದೆ. ನೀವು ನಂಬರ್ ತಿರುಗಿಸಿದಿರಾ, ಕ್ಲಚ್ ಒಂದು ಸರಳನ್ನು ರೋಲರ್‌ಗೆ ಒತ್ತುತ್ತದೆ. ಸರಳು ಸರ್ರನೆ ಮೇಲೇರಿ, ಬೇಕಾದ ಲೈನ್ ಬಂದ ಕೂಡಲೇ ಟಕ್ ಅಂತ ನಿಲ್ಲುತ್ತದೆ. ಫೋನ್ ಇಟ್ಟರೆ ಮತ್ತೆ ಕೆಳಗೆ. ಒಂದು ಕಾಲ್ ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಬೆರಳು ಮಾಡಿ ತೋರಿಸಬಹುದು. ಪಕ್ಕದ ಕ್ರಾಸ್‌ಬಾರ್ ಇಷ್ಟು ನಾಟಕ ಮಾಡುವುದಿಲ್ಲ. ಅಡ್ಡ ಪಟ್ಟಿ, ಉದ್ದ ಪಟ್ಟಿ ಸೇರಿದಲ್ಲಿ ಸಂಪರ್ಕ, ಅಷ್ಟೇ. ಆದರೆ ಸದ್ದು ಮಾತ್ರ ತಗಡಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ.

ಇದಕ್ಕಾಗಿಯೇ ಒಬ್ಬರೇ ಹೋಗಬೇಡಿ ಅನ್ನುವುದು. ಒಬ್ಬರು ಡಯಲ್ ತಿರುಗಿಸಬೇಕು, ಇನ್ನೊಬ್ಬರು ಚೌಕಟ್ಟಿನ ಹತ್ತಿರ ನಿಲ್ಲಬೇಕು. ಆಮೇಲೆ ಜಾಗ ಬದಲಿಸಿ. ಮೊಮ್ಮಕ್ಕಳಿದ್ದರೆ ಇನ್ನೂ ಚೆಂದ. ನಮ್ಮ ಮೊಮ್ಮಗ ಡಯಲಿನ ತೂತಿಗೆ ಬೆರಳು ಹಾಕಿ ಒತ್ತಿ ಒತ್ತಿ, "ಅಜ್ಜಾ, ಏನೂ ಆಗ್ತಾ ಇಲ್ಲ" ಅಂದ. ತಿರುಗಿಸಿ ಕೈ ಬಿಡಬೇಕು, ಅದು ತಾನಾಗಿ ವಾಪಸ್ ಬರುವಾಗಲೇ ಎಕ್ಸ್‌ಚೇಂಜ್ ಎಣಿಸುತ್ತದೆ ಅಂತ ತೋರಿಸಿದೆ. ಆಮೇಲೆ ಅವನ ಕೈಯಿಂದ ಫೋನ್ ಬಿಡಿಸುವುದೇ ಕಷ್ಟವಾಯಿತು. ಫೋನ್ ಗಂಟೆಯ ಸದ್ದಿನ ವ್ಯತ್ಯಾಸ ಹಿಡಿದವಳು ನನ್ನ ಹೆಂಡತಿ. ನಮ್ಮದು ಟ್ರಿಣ್‌ಟ್ರಿಣ್ ಅಂತ ಜೋಡಿಯಾಗಿ ಹೊಡೆಯುತ್ತದೆ. ಅವರದು ಎರಡು ಸೆಕೆಂಡ್ ಒಂದೇ ಎಳೆತ, ನಾಲ್ಕು ಸೆಕೆಂಡ್ ಸುಮ್ಮನೆ.

ಇಂಗ್ಲಿಷ್ ಬರುವುದಿಲ್ಲ ಅಂತ ಮುಜುಗರ ಪಡಬೇಡಿ, ಮಕ್ಕಳು ಹೇಳಿಕೊಡುತ್ತಾರೆ. ನಿಮ್ಮ ಕಡೆಯಿಂದಲೂ ಏನಾದರೂ ಹೇಳಿ. ನಾನು ಕಿತ್ತೂರಿನ ಕಥೆ ಹೇಳಿದೆ. ಕಿತ್ತೂರು ಅಂದರೆ ಚೆನ್ನಮ್ಮ ಅಂತ ನಮಗೆಲ್ಲ ಗೊತ್ತು. 1984ರಲ್ಲಿ ಶುರುವಾದ, ನಮ್ಮ ಸರ್ಕಾರದ ಟೆಲಿಫೋನ್ ಸಂಶೋಧನೆಯ ಸಿ-ಡಾಟ್ ಸಂಸ್ಥೆ ತನ್ನ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ ಕೂರಿಸಿದ್ದೂ ಅಲ್ಲೇ, 1986ರಲ್ಲಿ, ನಮ್ಮ ಜಿಲ್ಲೆಯಲ್ಲಿ ಅನ್ನುವುದು ಎಷ್ಟು ಜನಕ್ಕೆ ಗೊತ್ತು? 128 ಪೋರ್ಟಿನ, ಅಂದರೆ ಲೈನ್ ಜೋಡಿಸುವ 128 ಜಾಗವಿರುವ, ಸಣ್ಣ ಪೆಟ್ಟಿಗೆ. ಎಸಿ ಬೇಕಿಲ್ಲ, ನಮ್ಮ ಬಿಸಿಲು ಧೂಳಿನಲ್ಲಿ ನಡೆಯಲಿ ಅಂತಲೇ ಮಾಡಿದ್ದು. ಎಸಿ ಇಲ್ಲದೆ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜಾ ಅಂತ ಅಲ್ಲಿನ ಹಿರಿಯರೊಬ್ಬರು ಎರಡು ಸಲ ಕೇಳಿದರು. ಅಲ್ಲಿಂದ ಮಾತು ಬೇರೆಯೇ ದಾರಿ ಹಿಡಿಯಿತು. ಅದುವರೆಗೆ ಮುಚ್ಚಿದ್ದ ಕಪಾಟುಗಳೆಲ್ಲ ಆಮೇಲೆ ನನಗಾಗಿ ತೆರೆದುಕೊಂಡವು.

ಉಳಿದದ್ದು ಸಣ್ಣಪುಟ್ಟ. ಯಾವುದನ್ನು ಮುಟ್ಟಬಹುದು ಅಂತ ಕೇಳಿಯೇ ಮುಟ್ಟಿ. ನಿಂತು ನೋಡುವುದೇ ಜಾಸ್ತಿ, ಮೊಣಕಾಲು ನೋವಿದ್ದವರು ಮೊದಲೇ ಕುರ್ಚಿ ಕೇಳಿಕೊಳ್ಳಿ. ಬುತ್ತಿ ಕಟ್ಟಿಕೊಂಡು ಹೋಗಿ ಕಾರಿನಲ್ಲಿಡಿ, 3ಕ್ಕೆ ಬಾಗಿಲು ಹಾಕುತ್ತಾರಾದ್ದರಿಂದ ಊಟಕ್ಕೆಂದು ನಡುವೆ ಹೊರಗೆ ಹೋದರೆ ಹೊತ್ತು ಹಾಳು. ಅದೇ ರಸ್ತೆಯಲ್ಲಿ ಮುಂದೆ ವಿಮಾನಗಳ ಮ್ಯೂಸಿಯಂ ಆಫ್ ಫ್ಲೈಟ್ ಇದೆ. ಒಂದೇ ದಿನ ಎರಡನ್ನೂ ಮುಗಿಸೋಣ ಅಂತ ಮಕ್ಕಳು ಹೇಳಿಯೇ ಹೇಳುತ್ತಾರೆ. ಒಪ್ಪಬೇಡಿ. ಅದಕ್ಕೆ ಶನಿವಾರ ಇದೆ.