ಕಾಕು ತಂಬಾಕು ತಿನ್ನುವುದಿಲ್ಲ

ಬೆಳಗಾವಿಯ ಶಹಾಪುರದಲ್ಲಿ ನನ್ನ ಹಲ್ಲಿನ ದವಾಖಾನೆ ಇದೆ. ಕಳೆದ ವರ್ಷ ಅರವತ್ತರ ಹತ್ತಿರದ ಒಬ್ಬ ಕಾಕು (ನಮ್ಮ ಕಡೆ ಚಿಕ್ಕಮ್ಮನಂಥ ಹೆಂಗಸರನ್ನು ಹೀಗೆ ಕರೆಯುತ್ತೇವೆ) ಬಂದಿದ್ದರು. ಎಂದೋ ಪೆಟ್ಟಾಗಿದ್ದ ಮೇಲಿನ ಮುಂದಿನ ಹಲ್ಲು ಸತ್ತು ಕಪ್ಪಾಗಿತ್ತು. ಬೇರು ಉದ್ದಕ್ಕೂ ಸೀಳಿತ್ತು. ರೂಟ್ ಕೆನಾಲ್ ಮಾಡಿ ಉಪಯೋಗವಿಲ್ಲ. ಕಿತ್ತು, ಗಾಯ ಮಾಗಿದ ಮೇಲೆ ಇಂಪ್ಲಾಂಟ್ ಹಾಕೋಣ ಎಂದೆ.

ಮೊದಲೇ ಎಲ್ಲ ಕೇಳಿದ್ದೆ. ಶುಗರ್? ಇಲ್ಲ. ರಕ್ತ ತೆಳು ಮಾಡುವ ಗುಳಿಗೆ? ಇಲ್ಲ.

"ತಂಬಾಕು ತಿಂತೀರೇನ್ರಿ ಕಾಕು?"

"ಛೀ, ನಾ ಯಾಕ್ ತಿನ್ನಲಿ ಡಾಕ್ಟ್ರ!"

ಫಾರ್ಮಿನಲ್ಲಿ 'ಇಲ್ಲ' ಎಂದು ಗೀಚಿದೆ.

ಇಂಪ್ಲಾಂಟ್ ಅಂದರೆ ಕೃತಕ ಹಲ್ಲಿಗೆ ಬೇರಾಗಿ ದವಡೆಯ ಮೂಳೆಯಲ್ಲಿ ಕೂರಿಸುವ ಟೈಟೇನಿಯಂ ಸ್ಕ್ರೂ. ಕೂರಿಸಿದ ದಿನ ಅದು ಗಟ್ಟಿಯಾಗಿರುವುದು ಬರೀ ತಿರುಪಿನ ಬಿಗಿಯಿಂದ. ಆಮೇಲೆ ಹೊಸ ಮೂಳೆ ಬೆಳೆದು ಲೋಹವನ್ನು ಅಪ್ಪಿಕೊಳ್ಳಬೇಕು. 1965ರಲ್ಲಿ ಸ್ವೀಡನ್ನಿನ ವೈದ್ಯ ಬ್ರೋನೆಮಾರ್ಕ್ ಮೊದಲ ರೋಗಿಗೆ ಹಾಕಿದ್ದೂ ಇದೇ ನಂಟನ್ನು ನಂಬಿ. ಮೇಲಿನ ದವಡೆಯ ಮೂಳೆ ಸ್ವಲ್ಪ ಮೆತ್ತಗೆ, ಜಾಸ್ತಿ ಕಾಯಬೇಕು.

ಐದನೇ ತಿಂಗಳು ಸ್ಕ್ರೂವಿನ ಬಾಯಿ ಮುಚ್ಚಿದ್ದ ಕ್ಯಾಪ್ ಬಿಚ್ಚಲು ಹೋದೆ. ಇಡೀ ಸ್ಕ್ರೂ ತಿರುಗಿತು. ನೋವಿಲ್ಲ, ಕೀವಿಲ್ಲ. ಮೂಳೆ ಅದನ್ನು ಹಿಡಿದೇ ಇರಲಿಲ್ಲ.

ಡ್ರಿಲ್ ಮಾಡುವಾಗ ಮೂಳೆಯನ್ನು ತಂಪಾಗಿಡುವ ಸಲೈನ್ ನೀರು ಕಡಿಮೆ ಬಿತ್ತೇ? 47 ಡಿಗ್ರಿಯಲ್ಲಿ ಒಂದು ನಿಮಿಷ ಕಾದರೆ ಸಾಕು, ಮೂಳೆಗೆ ಏಟು ಬೀಳುತ್ತದೆ. ಎರಡು ರಾತ್ರಿ ಇದೇ ಯೋಚನೆ.

ಮುಂದಿನ ಸಲ ಸೊಸೆ ಜೊತೆಗೆ ಬಂದಿದ್ದಳು. "ಅತ್ತಿ ದಿನಾ ಎರಡ್ ಸಲ ಮಿಸ್ರಿ ತಿಕ್ಕತಾರ್ರಿ, ಹಂಗಾಗಿ ಬಾಯಿ ಸ್ವಚ್ಛ ಐತಿ" ಎಂದಳು, ಹೆಮ್ಮೆಯಿಂದಲೇ.

ಮಿಸ್ರಿ! ತಂಬಾಕನ್ನು ಹಂಚಿನ ಮೇಲೆ ಕರ್ರಗೆ ಹುರಿದು ಮಾಡಿದ ಪುಡಿ. ನಮ್ಮಜ್ಜಿಯೂ ತಿಕ್ಕುತ್ತಿದ್ದರು, ನನಗೇ ಹೊಳೆಯಬೇಕಿತ್ತು ಅಲ್ವಾ? ಕಾಕು ಸುಳ್ಳು ಹೇಳಿರಲಿಲ್ಲ. ಅವರು ತಿನ್ನುವುದಿಲ್ಲ, ತಿಕ್ಕುತ್ತಾರೆ. ಅದೂ ಬೆರಳಿನಿಂದ ವಸಡಿಗೆ, ಸರಿಯಾಗಿ ಆ ಜಾಗಕ್ಕೇ. ನಿಕೋಟಿನ್ ರಕ್ತನಾಳ ಕುಗ್ಗಿಸುತ್ತದೆ, ಗಾಯ ಮಾಗುವುದು ತಡವಾಗುತ್ತದೆ. ಅದೊಂದೇ ಕಾರಣ ಎಂದು ಆಣೆ ಮಾಡಲಾರೆ. ಆದರೆ ಗೊತ್ತಿದ್ದರೆ ಅದನ್ನು ಬಿಡಿಸದೆ ಸ್ಕ್ರೂ ಮುಟ್ಟುತ್ತಿರಲಿಲ್ಲ.

ಈಗ ತಂಬಾಕಿನ ಹೆಸರೇ ಎತ್ತುವುದಿಲ್ಲ. "ಮುಂಜಾನೆ ಎದ್ದು ಹಲ್ಲು ಏನಿಂದ ತಿಕ್ಕತೀರಿ?" ಎಂದು ಕೇಳುತ್ತೇನೆ. ಸುಮ್ನೆ ಹರಟೆ ಅಂದುಕೊಂಡು ಎಲ್ಲ ಹೇಳುತ್ತಾರೆ.

ಎರಡನೇ ಸಲದ ಖರ್ಚು ನನ್ನದೇ ಎಂದೆ, ಆದರೆ ಮಿಸ್ರಿ ಬಿಡಬೇಕು. ಕಾಕು ಚೌಕಾಸಿಗೆ ಇಳಿದರು: "ಪೂರಾ ಬ್ಯಾಡ್ರಿ, ಸಂಜೀದರ ಇರ್ಲಿ." ಎರಡು ತಿಂಗಳಾಯಿತು. ಡಬ್ಬಿಯನ್ನು ಸೊಸೆ ಬಚ್ಚಿಟ್ಟಿದ್ದಾಳಂತೆ.