“ಮೈಗೆ ಏನಾದ್ರೂ ಹಚ್ಚಿದ್ರಾ?”

ಪುಣೆಯ ಕೋಥ್ರೂಡ್ ಕಡೆಯ ಒಂದು ಪ್ರಾಣಿ ದವಾಖಾನೆಯಲ್ಲಿ ಡಾಕ್ಟರ ಕೈಕೆಳಗೆ ಏಳು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ನಾಯಿ ವಾಂತಿ ಮಾಡುತ್ತಿದೆ ಎಂದು ಫೋನ್ ಬಂದರೆ ಮೊದಲೆಲ್ಲ ನಾನು ಕೇಳುತ್ತಿದ್ದದ್ದು ಒಂದೇ: ಏನು ತಿಂದಿತ್ತು? ಅಷ್ಟು ಕೇಳಿದರೆ ಸಾಲದು ಎಂದು ಗೊತ್ತಾಗಿದ್ದು ಚಂದ್ರಿಯಿಂದ.

ಚಂದ್ರಿ ನಾಲ್ಕು ವರ್ಷದ ಮುಧೋಳ ನಾಯಿ. ಇಲ್ಲಿಯವರು ಕಾರವಾನ್ ಅನ್ನುತ್ತಾರೆ. ಸಾಕಿದವರು ವಿಜಯಪುರದ ಕಾಕಾ, ರಿಟೈರ್ ಆಗಿ ಮಗನ ಮನೆಯಲ್ಲಿದ್ದಾರೆ. ದಿನಾ ನಸುಕಿನಲ್ಲಿ ಅದನ್ನು ವೇತಾಳ ಟೇಕಡಿ ಗುಡ್ಡಕ್ಕೆ ಕರೆದೊಯ್ಯುತ್ತಾರೆ. ಒಂದು ಭಾನುವಾರ ನವಿಲಿನ ಬೆನ್ನು ಹತ್ತಿ ಓಡಿ, ಹಿಂಗಾಲು ಕುಂಟುತ್ತಾ ಬಂತಂತೆ. ಮಂಗಳವಾರ ಫೋನ್ ಮಾಡಿದರು: “ತಂಗಿ, ಎರಡು ಸಲ ವಾಂತಿ ಮಾಡೇತಿ. ಅನ್ನ ಮೂಸಿ ಸುದ್ದಾ ನೋಡವಲ್ದು.” ಹೊರಗಿನದೇನೂ ತಿಂದಿಲ್ಲ ಅಂದರು. ಒಂದು ಹೊತ್ತು ಹೊಟ್ಟೆ ಖಾಲಿ ಬಿಡಿ ಕಾಕಾ, ನೋಡೋಣ ಅಂದುಬಿಟ್ಟೆ.

ಬುಧವಾರ ಎತ್ತಿಕೊಂಡೇ ಬಂದರು. ಮಲ ಡಾಂಬರಿನ ಹಾಗೆ ಕಪ್ಪಗೆ, ಅಂಟಂಟಾಗಿತ್ತು, ಒಸಡು ಬಿಳಿಚಿಕೊಂಡಿತ್ತು. ಟೇಬಲ್ ಮೇಲೆ ಹಿಡಿದುಕೊಳ್ಳಲು ಬಗ್ಗಿದಾಗ ತೊಡೆಯಿಂದ ನೋವಿನ ಮುಲಾಮಿನ ವಾಸನೆ ಮೂಗಿಗೆ ಹೊಡೆಯಿತು. ನೆಕ್ಕಿ ನೆಕ್ಕಿ ಆ ಜಾಗದ ಕೂದಲು ಒಂದೇ ದಿಕ್ಕಿಗೆ ಅಂಟಿಕೊಂಡಿತ್ತು.

“ನನ್ನ ಮೊಣಕಾಲಿಗೆ ಹಚ್ಕೋಳೂದನ್ನ ಅದಕ್ಕೂ ಒಂದೀಟು ಹಚ್ಚೇನಿ. ಮೂರು ದಿನಾತು” ಅಂದರು ಕಾಕಾ.

ಟ್ಯೂಬ್ ತರಿಸಿ ಓದಿದರೆ ಡೈಕ್ಲೋಫೆನಾಕ್, ಮೀಥೈಲ್ ಸ್ಯಾಲಿಸಿಲೇಟ್, ಮೆಂಥಾಲ್. ಮೊದಲೆರಡೂ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತ ಸುರಿಸಬಲ್ಲವು. ಡೈಕ್ಲೋಫೆನಾಕ್ ಕಿಡ್ನಿಯನ್ನೂ ಕೆಡಿಸುತ್ತದೆ. ಕರ್ಪೂರ ಇರುವ ಬಾಮ್ ನೆಕ್ಕಿದರೆ ಫಿಟ್ಸ್ ಬರಬಹುದು. ನಾಯಿಗೆ ಹಚ್ಚಿದ ಔಷಧಿ ಬರೀ ಚರ್ಮದ ಮೇಲೆ ಉಳಿಯುವುದಿಲ್ಲ, ನಾಲಿಗೆಗೆ ಸಿಕ್ಕಿದ್ದೆಲ್ಲ ಹೊಟ್ಟೆಗೆ ಹೋಗುವುದೇ. ಪುಣೆಯಲ್ಲಿ ರೇಸ್‌ಕೋರ್ಸ್ ಇರುವುದರಿಂದ ಕುದುರೆಯ ಲಿನಿಮೆಂಟ್, ಅಂದರೆ ನೋವಿಗೆ ತಿಕ್ಕುವ ಔಷಧಿ, ಹಚ್ಚಲೇ ಎಂದು ಕೇಳುವವರೂ ಇದ್ದಾರೆ. ದಯವಿಟ್ಟು ಬೇಡ. ಕುದುರೆಯ ದಪ್ಪ ಚರ್ಮಕ್ಕೆ ಮಾಡಿದ ಉರಿ ನಾಯಿಯ ತೆಳು ಚರ್ಮ ತಡೆಯುವುದಿಲ್ಲ.

ಕುಂಟುವ ನಾಯಿಯ ಪಾದವನ್ನು ಮೊದಲು ನೋಡಿ: ಬೆರಳ ಸಂದಿಯಲ್ಲಿ ಮುಳ್ಳಿರಬಹುದು, ಉಗುರು ಸೀಳಿರಬಹುದು. ಓಟ ನಿಲ್ಲಿಸಿ. ಹೊಸ ಉಳುಕಾದರೆ ಮೊದಲ ಎರಡು ದಿನ ಐಸನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಇಡಿ. ಕಾಲು ಊರದಿದ್ದರೆ, ಮರುದಿನವೂ ಕುಂಟಿದರೆ ಡಾಕ್ಟರಿಗೆ ತೋರಿಸಿ. ಕೀಲಿನ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್ ಹರಿದಿದ್ದರೆ ಯಾವ ತೈಲ ತಿಕ್ಕಿದರೂ ಅಷ್ಟೇ. ಡಾಕ್ಟರೇ ನಾಯಿಯ ಲಿನಿಮೆಂಟ್ ಬರೆದುಕೊಟ್ಟರೆ, ಈಗಾಗಲೇ ನೋವಿನ ಮಾತ್ರೆ ನಡೆದಿದೆಯೇ ಎಂದು ಅವರಿಗೆ ಹೇಳಿ. ಮೊದಲು ಕಾಸಿನಗಲ ಹಚ್ಚಿ ಒಂದು ದಿನ ಕಾಯಿರಿ. ಆಮೇಲೆ ಕೂದಲು ಸರಿಸಿ ಚರ್ಮಕ್ಕೇ ತೆಳ್ಳಗೆ ಹಚ್ಚಿ; ಗಾಯದ ಮೇಲೆ ಬೇಡ. ಮೇಲೆ ಪಟ್ಟಿ ಬಿಗಿಯಬೇಡಿ, ಶಾಖ ಕೊಡಬೇಡಿ, ಔಷಧಿ ಇನ್ನಷ್ಟು ಒಳಗಿಳಿಯುತ್ತದೆ. ನೆಕ್ಕದಂತೆ ಕುತ್ತಿಗೆಗೆ ಆಲಿಕೆಯಂಥ ಕೋನ್ ಕಾಲರ್ ಹಾಕಿ.

ಗೊತ್ತಿಲ್ಲದೆ ಮನುಷ್ಯರದ್ದು ಹಚ್ಚಿಬಿಟ್ಟಿದ್ದರೆ ತಕ್ಷಣ ನೆಕ್ಕುವುದನ್ನು ತಡೆದು, ಪಾತ್ರೆ ತೊಳೆಯುವ ದ್ರವ ಸೋಪು, ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಿರಿ. ಮನೆಯಲ್ಲೇ ವಾಂತಿ ಮಾಡಿಸಲು ಹೋಗಬೇಡಿ. ಟ್ಯೂಬ್ ಹಿಡಿದುಕೊಂಡು ದವಾಖಾನೆಗೆ ಬನ್ನಿ.

ಚಂದ್ರಿಗೆ ಐದು ದಿನ ಸಲೈನ್, ಹೊಟ್ಟೆಯ ಔಷಧಿ ನಡೆಯಿತು. ಕಿಡ್ನಿ ಉಳಿಯಿತು. ಮಂಗಳವಾರವೇ ನಾನು ಇನ್ನೊಂದು ಮಾತು ಕೇಳಿದ್ದರೆ ಒಂದು ದಿನದ ರಕ್ತ ಉಳಿಯುತ್ತಿತ್ತು ಎಂಬ ಸಂಕಟ ಈಗಲೂ ಇದೆ. ಕೌಂಟರಿನ ರಿಜಿಸ್ಟರಿನಲ್ಲಿ ‘ತಿಂದದ್ದು’ ಪಕ್ಕದಲ್ಲೇ ‘ಹಚ್ಚಿದ್ದು’ ಎಂದು ಗೆರೆ ಎಳೆದಿದ್ದೇನೆ. ಮನೆಯವರು ತಮ್ಮ ಮೈಗೆ ಹಚ್ಚಿಕೊಳ್ಳುವುದನ್ನೂ ಅಲ್ಲೇ ಬರೆಯುತ್ತೇನೆ.

ಹದಿನೈದು ದಿನ ಬಿಟ್ಟು ಕಾಕಾ ತೋರಿಸಲು ಬಂದಾಗ, ಮೊಣಕಾಲು ಹೇಗಿದೆ ಎಂದು ಕೇಳಿದೆ. “ರಾತ್ರಿ ಬಾಗಲಾ ಹಾಕ್ಕೊಂಡು ಹಚ್ಕೋತೀನಿ ತಂಗಿ. ಮುಂಜಾನೆ ಸಾಬಾಣ ಹಚ್ಚಿ ತೊಳ್ಕೊಂಡ ಮ್ಯಾಲೇ ಇದನ್ನ ಒಳಗ ಬಿಡ್ತೀನಿ” ಅಂದರು. ಚಂದ್ರಿ ಅವರ ಅಂಗೈ ನೆಕ್ಕುತ್ತಿತ್ತು.