ಬಿಸ್ಕತ್ ಡಬ್ಬದ ಚೀಟಿಗಳು

ಶನಿವಾರ ಬೆಳಗ್ಗೆ ಆರಕ್ಕೆ ಏಳುವುದು ನನ್ನಂಥ ಸೋಮಾರಿಗೆ ಸುಲಭದ ಮಾತಲ್ಲ. ಆದರೂ ಎರಡು ವರ್ಷದಿಂದ, ತಿಂಗಳಿಗೆ ಎರಡು ಶನಿವಾರ, ನಾಗಮಂಗಲದ ಕಡೆಯ ಒಂದು ಸರ್ಕಾರಿ ಹೈಸ್ಕೂಲಿಗೆ ಹೋಗುತ್ತಿದ್ದೇನೆ. ಅವತ್ತು ಬೆಳಗಿನ ಸ್ಕೂಲು. ಕವಾಯತು ಮುಗಿದ ಮೇಲೆ ಒಂಬತ್ತು, ಹತ್ತನೇ ಕ್ಲಾಸಿನವರನ್ನು ಒಂದೂವರೆ ಗಂಟೆ ನನಗೆ ಬಿಟ್ಟುಕೊಡುತ್ತಾರೆ. ನಾನು ಮೇಷ್ಟ್ರೂ ಅಲ್ಲ, ಕೌನ್ಸೆಲರೂ ಅಲ್ಲ, ಬೆಂಗಳೂರಿನಲ್ಲಿ ಲೆಕ್ಕಪತ್ರ ನೋಡುವ ಕೆಲಸ. ಅಮ್ಮ ಅದೇ ಕಡೆ ಊರಲ್ಲಿದ್ದಾರೆ, ಶುಕ್ರವಾರ ರಾತ್ರಿ ಬಸ್ಸು ಹತ್ತಿದರೆ ಅಮ್ಮನ ಕೈಯಡುಗೆ ಸಿಗುತ್ತದೆ ಅನ್ನೋದೂ ಒಂದು ಕಾರಣ, ಸುಳ್ಳು ಯಾಕೆ ಹೇಳಲಿ.

ಮೊದಲ ದಿನ ಹೆಡ್‌ಮಾಸ್ಟ್ರು ನನ್ನನ್ನು 'ಮಾರ್ಗದರ್ಶಕರು' ಅಂತ ಪರಿಚಯ ಮಾಡಿಸಿದರು. ನಾನೂ ಅದನ್ನು ನಂಬಿಬಿಟ್ಟೆ. ಲ್ಯಾಪ್‌ಟಾಪು, ಸ್ಲೈಡು, ಎಲ್ಲ ತಯಾರಿ ಆಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯವರು 1990ರ ದಶಕದಲ್ಲಿ ಹತ್ತು ಜೀವನ ಕೌಶಲ್ಯ ಅಂತ ಪಟ್ಟಿ ಮಾಡಿದ್ದಾರಲ್ಲ, ತನ್ನನ್ನು ತಾನು ಅರಿಯೋದು, ಇನ್ನೊಬ್ಬರ ಜಾಗದಲ್ಲಿ ನಿಂತು ನೋಡೋದು, ಯೋಚಿಸಿ ತೀರ್ಮಾನ ಮಾಡೋದು, ಕೋಪ ತಾಪ ನಿಭಾಯಿಸೋದು, ಹೀಗೆ, ಅದನ್ನೇ ಒಂದೊಂದಾಗಿ ಹೇಳಿದೆ. ಮಕ್ಕಳು ಶಿಸ್ತಾಗಿ ನೋಟ್ಸ್ ತೆಗೆದು, ಮಾರ್ಜಿನ್ ಹಾಕಿ, 'ಜೀವನ ಕೌಶಲ್ಯಗಳು' ಅಂತ ಬರೆದು, ಕೆಳಗೆ ಕೆಂಪು ಪೆನ್ನಿನಲ್ಲಿ ಎರಡು ಗೆರೆ ಎಳೆದರು. ಕೊನೆಗೆ ಒಬ್ಬ ಹುಡುಗ ಎದ್ದು ನಿಂತು, "ಮಿಸ್, ಇದು ಎಕ್ಸಾಮಿಗೆ ಬರ್ತದಾ?" ಅಂದ. ಬರಲ್ಲ ಅಂದೆ. ಪೆನ್ನುಗಳ ಮುಚ್ಚಳ ಟಕ್ ಟಕ್ ಅಂತ ಮುಚ್ಚಿಕೊಂಡವು.

ತಪ್ಪು ಪಟ್ಟಿಯದ್ದಲ್ಲ ಅಂತ ಆಮೇಲೆ ಗೊತ್ತಾಯಿತು. ಇದೇ ವಿಷಯವನ್ನು ನಮ್ಮ ನಿಮ್ಹಾನ್ಸ್‌ನವರು ಹೈಸ್ಕೂಲ್ ಮಕ್ಕಳಿಗಾಗಿ ಚಟುವಟಿಕೆಗಳ ರೂಪಕ್ಕೆ ತಂದು, ಮೇಷ್ಟ್ರುಗಳೇ ಕ್ಲಾಸಿನಲ್ಲಿ ನಡೆಸುವ ಹಾಗೆ ತರಬೇತಿ ಕೊಟ್ಟಿದ್ದಾರೆ. ಅಲ್ಲಿ ಭಾಷಣ ಕಮ್ಮಿ. ಮಕ್ಕಳೇ ಮಾತಾಡಬೇಕು, ಆಡಬೇಕು, ಜಗಳ ಮಾಡಬೇಕು. ಈಜು ಕಲಿಸೋಕೆ ಹೋಗಿ ಬೋರ್ಡಿನ ಮೇಲೆ ಕೆರೆ ಬರೆದವಳು ನಾನು.

ಹಾಗಾಗಿ ಮುಂದಿನ ಸಲ ಬ್ಯಾಂಕಿನಿಂದ ಒಂದಷ್ಟು ಹಣ ತೆಗೆಯುವ ಸ್ಲಿಪ್ಪು ತಂದು ಹಂಚಿದೆ. ಮೂರು ಸಾವಿರದ ಐನೂರು ತೆಗೀಬೇಕು, ತುಂಬಿ ಅಂದೆ. ಬೀಜಗಣಿತದ ಸಮೀಕರಣ ಬಿಡಿಸುವ ಮಕ್ಕಳು, ಅಕ್ಷರದಲ್ಲಿ ಮೊತ್ತ ಬರೆಯುವ ಕಡೆ ತಡವರಿಸಿದರು. ಖಾತೆ ನಂಬರಿನ ಜಾಗದಲ್ಲಿ ಮೊಬೈಲ್ ನಂಬರು ಬರೆದವರಿದ್ದರು. ಒಬ್ಬಳು ಮಾತ್ರ ಎರಡು ನಿಮಿಷಕ್ಕೆ ಮುಗಿಸಿ ಕೂತಿದ್ದಳು. ಕೇಳಿದರೆ, ಅಜ್ಜಿಯ ಪಿಂಚಣಿ ದುಡ್ಡು ತರೋದು ಪ್ರತಿ ತಿಂಗಳೂ ಇವಳೇ ಅಂತೆ. ಸರಿ, ನೀನೇ ಹೇಳಿಕೊಡು ಅಂತ ನಾನು ಹಿಂದಿನ ಬೆಂಚಿನಲ್ಲಿ ಕೂತೆ. "ಹೆಬ್ಬೆಟ್ಟು ಆದ್ರೆ ಪಕ್ದಲ್ಲಿ ಗುರುತಿರೋರು ಸೈನ್ ಹಾಕ್ಬೇಕು. ಕೌಂಟರಿಂದ ಈಚೆ ಬರೋ ಮುಂಚೆ ದುಡ್ಡು ಎಣಿಸ್ಬೇಕು, ಅಜ್ಜಿ ಎಣಿಸ್ತಾರೆ ಅಂತ ಸುಮ್ನಾಗ್ಬಾರ್ದು" ಅಂತ ಶುರು ಮಾಡಿದವಳು ಇಪ್ಪತ್ತು ನಿಮಿಷ ನಿಲ್ಲಿಸಲಿಲ್ಲ. ಪರೀಕ್ಷೆಯಲ್ಲಿ ಪಾಸಾದರೆ ಸಾಕು ಅನ್ನುವ ಹುಡುಗಿ ಅದು. ಅವತ್ತಿನಿಂದ ನನ್ನನ್ನು ಮಿಸ್ ಅನ್ನೋದು ಬಿಟ್ಟು ಅಕ್ಕ ಅನ್ನೋಕೆ ಶುರು ಮಾಡಿದರು.

ಆಮೇಲೆ ಬಂದಿದ್ದು ಡಬ್ಬ. ಹಳೇ ಬಿಸ್ಕತ್ ಡಬ್ಬ, ಮುಚ್ಚಳಕ್ಕೆ ತೂತು. ಏನು ಬೇಕಾದರೂ ಬರೆದು ಹಾಕಿ, ಹೆಸರು ಬೇಡ ಅಂದೆ. ಇಲ್ಲಿ ನಾನು ಮಾಡಿದ ತಪ್ಪನ್ನು ಹೇಳಲೇಬೇಕು. ಮೊದಲ ವಾರ ಒಂದು ಚೀಟಿಯನ್ನು ಕ್ಲಾಸಿನಲ್ಲಿ ಇದ್ದ ಹಾಗೇ ಓದಿಬಿಟ್ಟೆ. ಹೆಸರಿರಲಿಲ್ಲ ನಿಜ, ಆದರೆ ಮನೆಯ ಒಂದು ವಿವರ ಇತ್ತು. ಅಷ್ಟು ಸಣ್ಣ ಊರಲ್ಲಿ ಅಷ್ಟು ಸಾಕಲ್ವಾ? ಮೂರು ತಲೆ ಒಂದೇ ಕಡೆ ತಿರುಗಿದವು. ಆ ಹುಡುಗಿ ಡೆಸ್ಕಿನ ಮೇಲೆ ಉಗುರಿನಿಂದ ಏನೋ ಗೀಚುತ್ತಾ ಕೂತಳು, ಬೆಲ್ ಹೊಡೆಯುವ ತನಕ ತಲೆ ಎತ್ತಲಿಲ್ಲ. ಕ್ಷಮೆ ಕೇಳಿದೆ, "ಪರ್ವಾಗಿಲ್ಲ ಅಕ್ಕ" ಅಂದಳು. ಆದರೆ ಆಮೇಲೆ ಎರಡು ತಿಂಗಳು ಡಬ್ಬಕ್ಕೆ ಯಾರೂ ಏನೂ ಹಾಕಲಿಲ್ಲ. ಖಾಲಿ ಡಬ್ಬವನ್ನು ಪ್ರತಿ ಸಲ ಎಲ್ಲರ ಮುಂದೆ ತೆಗೆದು ತೋರಿಸಿ, ಮತ್ತೆ ಮುಚ್ಚಿ ಇಡುತ್ತಿದ್ದೆ.

ಈಗ ಚೀಟಿ ಓದುವುದಿಲ್ಲ, ವಿಷಯವನ್ನಷ್ಟೇ ಊರು ಕೇರಿ ಬದಲಾಯಿಸಿ ಕಥೆ ಮಾಡಿ ತರುತ್ತೇನೆ. ಇನ್ನೊಂದು, 'ಯಾರಿಗೂ ಹೇಳಲ್ಲ' ಅಂತ ಮಾತು ಕೊಡುವುದಿಲ್ಲ. ಈ ಕೆಲಸಕ್ಕೆ ಇಳಿಯುವವರು ಇದನ್ನು ಗಮನದಲ್ಲಿ ಇಟ್ಟುಕೊಳ್ಳಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ, 2012ರ ಪೋಕ್ಸೋ ಕಾಯ್ದೆ ಪ್ರಕಾರ ದೂರು ಕೊಡಲೇಬೇಕು, ಮುಚ್ಚಿಡುವ ಹಾಗಿಲ್ಲ. ಇದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡುತ್ತೇನೆ. ಬೋರ್ಡಿನ ಮೂಲೆಯಲ್ಲಿ ಎರಡು ನಂಬರು ಬರೆದಿದ್ದೆ: ಮಕ್ಕಳ ಸಹಾಯವಾಣಿ 1098, ಮನಸ್ಸು ತುಂಬಾ ಕೆಟ್ಟರೆ ಟೆಲಿ ಮನಸ್ 14416. ಒಂದು ಸಲ ಹೋದಾಗ 1098 ಅನ್ನು ಯಾರೋ ಮತ್ತೆ ಸೀಮೆಸುಣ್ಣದಲ್ಲಿ ತಿದ್ದಿದ್ದರು, ನನ್ನ ಅಕ್ಷರ ಅಲ್ಲ. ಯಾರು ಅಂತ ನಾನು ಕೇಳಲಿಲ್ಲ.

ಹೆಚ್ಚು ಚೀಟಿ ಬರೋದು ಹತ್ತನೇ ಕ್ಲಾಸಿನ ಭಯದ ಬಗ್ಗೆ. 625ಕ್ಕೆ ಎಷ್ಟು ಅನ್ನುವ ಒಂದೇ ಪ್ರಶ್ನೆ ಮನೆ, ಸ್ಕೂಲು, ಮದುವೆ ಮನೆ, ಎಲ್ಲಾ ಕಡೆ. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಅವಕಾಶ ಇದೆ, ಅದರಲ್ಲಿ ಚೆನ್ನಾಗಿ ಬಂದ ಅಂಕ ಇಟ್ಟುಕೊಳ್ಳಬಹುದು. ಇದು ಮಕ್ಕಳಿಗೆ ಗೊತ್ತು, ಮನೆಯವರಿಗೆ ಗೊತ್ತಿಲ್ಲ. ಮೊಬೈಲ್ ಬಗ್ಗೆಯೂ ಬರುತ್ತವೆ, ಅದರ ಬಗ್ಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ.

ಒಂದು ಚೀಟಿಯ ಕಥೆ ಹೇಳುತ್ತೇನೆ. ಹುಡುಗನನ್ನು ಕೇಳಿಯೇ ಬರೆಯುತ್ತಿದ್ದೇನೆ, ಹೆಸರು ಬೇಡ ಅಂದ. 'ನಂಗೆ ಸೈನ್ಸ್ ಬೇಡ. ಕರೆಂಟ್ ಕೆಲ್ಸ ಕಲೀಬೇಕು. ಅಪ್ಪಂಗೆ ಹೇಳಕ್ಕೆ ಭಯ.' ಕೆಳಗೆ ಅವನೇ ಸಹಿ ಹಾಕಿದ್ದ. ನಾಟಕ ಮಾಡೋಣವಾ ಅಂದೆ, ಒಪ್ಪಿದ. ಆದರೆ ಮಗ ಇನ್ನೊಬ್ಬ, ಅಪ್ಪ ಇವನು. ಎಲ್ಲರೂ ಈಗ ಬೈಗುಳ ಬೀಳುತ್ತದೆ ಅಂತ ಕಾಯುತ್ತಿದ್ದರು. ಇವನು ಯಾರದೋ ಟವೆಲ್ ಹೆಗಲಿಗೆ ಹಾಕಿಕೊಂಡು, ಮೇಷ್ಟ್ರ ಕುರ್ಚಿಯಲ್ಲಿ ಕೂತು, ಸ್ವಲ್ಪ ಹೊತ್ತು ಅಂಗೈ ನೋಡಿಕೊಂಡ. ಅವರಪ್ಪ ತೆಂಗಿನಕಾಯಿ ಕೀಳುವವರು. ಆಮೇಲೆ ಮೆಲ್ಲಗೆ ಅಂದ: "ನೀನು ಕಂಬ ಹತ್ತಕ್ಕೆ ಹೋಗ್ತೀಯಾ? ನಾನು ಮರ ಹತ್ತಿ ಹತ್ತಿ ಸಾಕಾಗದೆ. ನೀನಾದ್ರೂ ನೆಲದ ಮೇಲೆ ಕೂತು ಕೆಲ್ಸ ಮಾಡ್ಲಿ ಅಂತ ಅಲ್ವೇನ್ಲಾ."

ಮಗನ ಪಾತ್ರದವನಿಗೆ ಮಾತೇ ಬರಲಿಲ್ಲ. ನನಗೂ. ಅಪ್ಪ ಯಾವತ್ತೂ ಹೀಗೆ ಹೇಳಿಲ್ಲವಂತೆ, ಕೂತಾಗ ಬಾಯಿಗೆ ಬಂತಂತೆ.

ಆಮೇಲೆ ಹಾಳೆ ತೆಗೆದುಕೊಂಡು ಕೂತೆವು. ಕರೆಂಟ್ ಕೆಲಸದವರೆಲ್ಲ ಕಂಬ ಹತ್ತುವುದಿಲ್ಲ. ಮನೆ ವೈರಿಂಗು, ಮೋಟರ್ ರಿವೈಂಡಿಂಗು, ಫ್ಯಾಕ್ಟರಿ, ಬೇಕಾದಷ್ಟಿದೆ. ಐಟಿಐ ಎಲೆಕ್ಟ್ರಿಷಿಯನ್ ಎರಡು ವರ್ಷ. ಅದು ಮುಗಿಸಿದವರು ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರುವ ದಾರಿ ಇದೆ, ಡಿಪ್ಲೊಮಾ ಆದವರು ಡಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆದು ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಹೋಗಬಹುದು. ಎಲ್ಲ ಬರೆದ ಮೇಲೆ ಅವನು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ.

ಹದಿನೈದು ದಿನ ಬಿಟ್ಟು ಹೋದಾಗ ಗೇಟಿನಲ್ಲೇ ಸಿಕ್ಕಿದ. "ಹೇಳ್ದೆ ಅಕ್ಕ."

"ಏನಂದ್ರಪ್ಪಾ?"

"ನೋಡಾಣ ಅಂದ್ರು."

ನಮ್ಮ ಕಡೆಯ 'ನೋಡಾಣ'ದಲ್ಲಿ ಹೂಂ ಕೂಡ ಇರುತ್ತದೆ, ಉಹೂಂ ಕೂಡ. ಅದಕ್ಕೇ ಈಗ ಒಬ್ಬರು ಬೇಕಾಗಿದ್ದಾರೆ. ಐಟಿಐ ಓದಿ ಎಲೆಕ್ಟ್ರಿಷಿಯನ್ ಕೆಲಸ ಮಾಡುತ್ತಿರುವವರು ಯಾರಾದರೂ ಮಂಡ್ಯ, ನಾಗಮಂಗಲದ ಕಡೆ ಇದ್ದರೆ ತಿಳಿಸಿ. ಭಾಷಣ ಬೇಡ, ಟೂಲ್ಸ್ ಚೀಲ ತಂದರೆ ಸಾಕು. ಬಸ್ ಚಾರ್ಜು, ತಿಂಡಿ ನನ್ನದು. ಅವತ್ತು ಅವರಪ್ಪನೂ ಬರುತ್ತಾರಂತೆ, ಕಾಯಿ ಕೀಳುವ ಕೆಲಸ ಇಲ್ಲದಿದ್ದರೆ.